‘ಫೋನ್ ಇಡ್ರಿ’ಗೆ ಬಿದ್ದ ವೋಟು

ತಾತ್ಯಾಸಾಹೇಬ ಮಗದುಮ್ಮರು ತಮ್ಮ ಟಿಳಕವಾಡಿಯ ಮನೆಯ ಶೋಕೇಸಿನ ಮೇಲಿನ ಹಲಗೆಯನ್ನು ಖಾಲಿ ಮಾಡಿದ್ದು ಪ್ರಶಸ್ತಿ ಪ್ರದಾನಕ್ಕೆ ಇನ್ನೂ ಇಪ್ಪತ್ತೆರಡು ದಿನ ಇರುವಾಗಲೇ. ಹೆಂಡತಿ ಹೀರಾಬಾಯಿಯ ಪಿಂಗಾಣಿ ಕಪ್ಪುಬಸಿಗಳು ಅಡಿಗೆಮನೆಗೆ ಹೋದವು, ಮೊಮ್ಮಗಳ ಗೊಂಬೆಗಳು ಮಂಚದ ಕೆಳಗೆ ಹೋದವು. ಶ್ರವಣಬೆಳಗೊಳದಿಂದ ತಂದಿದ್ದ ಗೇಣುದ್ದದ ಬಾಹುಬಲಿಯನ್ನು ಮಾತ್ರ ಕೆಳಗಿಳಿಸಲು ಧೈರ್ಯ ಸಾಲದೆ ಮೂಲೆಗೆ ಸರಿಸಿ ನಿಲ್ಲಿಸಿದರು. ಉಟ್ಟ ಬಟ್ಟೆಯನ್ನೂ ಬಿಟ್ಟು ನಿಂತವನ ಪಕ್ಕದಲ್ಲಿ ತಮ್ಮ ಹೆಸರು ಕೆತ್ತಿದ ಹಿತ್ತಾಳೆಯ ಫಲಕ ಇಡುವುದು ಚೆಂದವೇ ಎಂಬ ಪ್ರಶ್ನೆ ಅವರಿಗೂ ಬಂತು. ಬಂದದ್ದಕ್ಕೆ ಒಮ್ಮೆ ನಕ್ಕು, ಟೇಪು ಹಿಡಿದು ಉಳಿದ ಜಾಗದ ಅಳತೆ ತೆಗೆದರು.

“ಏನ್ ಅಳ್ಯಾಕತ್ತೀರಿ?” ಎಂದರು ಹೀರಾಬಾಯಿ.

“ಏನಿಲ್ಲ. ಗೆದ್ದಲ ಹತ್ತೇತೇನು ನೋಡಾಕತ್ತೇನಿ.”

“ಟೇಪ್ ಹಿಡಕೊಂಡು?”

ತಾತ್ಯಾಸಾಹೇಬರು ಟೇಪನ್ನು ಜೇಬಿಗಿಳಿಸಿದರು. ನಾಲ್ಕು ವರ್ಷದಿಂದ ವಾರಕ್ಕೊಮ್ಮೆ ಟೀವಿಯಲ್ಲಿ ಕುಳಿತು ಸುಳ್ಳನ್ನು ಹೇಗೆ ಗುರುತಿಸಬೇಕೆಂದು ಊರಿಗೆಲ್ಲ ಕಲಿಸುತ್ತಿದ್ದ ಮನುಷ್ಯ, ಒಂದು ಸುಳ್ಳು ಹೇಳುವುದರಲ್ಲಿ ಇಷ್ಟು ದಡ್ಡನಾಗಿದ್ದುದು ಅವರಿಗೇ ಬೇಸರದ ವಿಷಯವಾಗಿತ್ತು.

ಅವರು ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು. ನಿವೃತ್ತರಾದ ಮೇಲೆ ಬೆಳಿಗ್ಗೆ ಪೇಪರು, ಸಂಜೆ ಕಟ್ಟೆ ಎಂದು ಕಾಲ ಹಾಕುತ್ತಿದ್ದಾಗ ಸಹ್ಯಗಿರಿ ಟೀವಿಯ ಶೈಸ್ತಾ ಮನೆಗೆ ಬಂದಿದ್ದಳು. ಕೇಬಲ್ಲಿನಲ್ಲಿ ಬರುವ ಸಣ್ಣ ವಾಹಿನಿ ಅದು. ಆಟೋ ನಗರದಲ್ಲಿ ಒಂದು ಗ್ಯಾರೇಜಿನ ಮೇಲಿನ ಮಹಡಿಯಲ್ಲಿ ಅದರ ಸ್ಟುಡಿಯೋ. ಕಾರ್ಯಕ್ರಮ ರೂಪಿಸುವುದು, ಕ್ಯಾಮೆರಾ ಹಿಡಿಯುವುದು, ಅತಿಥಿಗಳ ಬೆವರು ಒರೆಸುವುದು ಎಲ್ಲ ಶೈಸ್ತಾಳೇ. ಅವಳ ಒತ್ತಾಯಕ್ಕೆ ಹುಟ್ಟಿದ್ದು ‘ಫೋನ್ ಇಡ್ರಿ’. ಬ್ಯಾಂಕಿನವರೆಂದು, ಲಾಟರಿಯವರೆಂದು, ಪೊಲೀಸರೆಂದು ಫೋನ್ ಮಾಡಿ ಜನರನ್ನು ಮುಳುಗಿಸುವವರ ಬಣ್ಣ ಬಯಲು ಮಾಡುವ ಅರ್ಧ ಗಂಟೆ. ಪ್ರತಿ ಗುರುವಾರ ಸಂಜೆ ಏಳಕ್ಕೆ ತಾತ್ಯಾಸಾಹೇಬರು ಕೋಟು ಹಾಕಿಕೊಂಡು ಮೇಜಿನ ಹಿಂದೆ ಕೂರುವರು. ಕೆಳಗೆ ಗ್ಯಾರೇಜಿನಲ್ಲಿ ತಗಡು ಬಡಿಯುವ ಸದ್ದು ನಿಲ್ಲುತ್ತಿರಲಿಲ್ಲ. ಅದನ್ನು ಕಾರ್ಯಕ್ರಮದ ಹಿನ್ನೆಲೆ ಸಂಗೀತ ಎಂದು ತಿಳಿದವರೂ ಇದ್ದರು. ಕೊನೆಗೆ ಅವರು ಮೇಜಿನ ಮೇಲಿದ್ದ ಹಳೇ ಕರಿ ಫೋನಿನ ರಿಸೀವರ್ ಎತ್ತಿ, ಗಟ್ಟಿ ದನಿಯಲ್ಲಿ ಹೇಳುವರು: “ಯಾರರ ಕೇಳಲಿ, ನಿಮ್ಮ ಅಳಿಯ ಕೇಳಲಿ, ನಾನಽ ಕೇಳಲಿ, ಓಟಿಪಿ ಹೇಳಬ್ಯಾಡ್ರಿ. ಫೋನ್ ಇಡ್ರಿ!” ರಿಸೀವರ್ ದಡಾರನೆ ಕೆಳಗೆ ಬೀಳುವುದು. ಈ ಮಾತು ಬೆಳಗಾವಿಯ ರಿಕ್ಷಾಗಳ ಬೆನ್ನ ಮೇಲೂ ಬಂದಿತ್ತು.

ಇಂಥ ಕಾರ್ಯಕ್ರಮ ಈಗ ಏಳು ಜಿಲ್ಲೆಗಳ ಕೇಬಲ್ ವಾಹಿನಿಗಳು ಕೂಡಿ ಕೊಡುವ ‘ಜನಮೆಚ್ಚುಗೆ’ ಪ್ರಶಸ್ತಿಯ ಪಟ್ಟಿಗೆ ಏರಿತ್ತು. ವಿಭಾಗದ ಹೆಸರು ‘ಜನಪ್ರಿಯ ಮಾಹಿತಿ ಕಾರ್ಯಕ್ರಮ’: ಧಾರಾವಾಹಿ, ಹಾಡು, ಹಾಸ್ಯ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳುವವರಿಗಾಗಿ. ಎದುರಾಳಿಗಳು ಮೂವರು. ಹಾವು ಹಿಡಿಯುವವನೊಬ್ಬ, ಆಡು ಸಾಕುವುದನ್ನು ಹೇಳುವ ಡಾಕ್ಟರೊಬ್ಬರು, ಹಳೇ ಕೋಟೆ ತೋರಿಸುವ ಮೇಷ್ಟ್ರೊಬ್ಬರು. ಯಾರು ಗೆಲ್ಲಬೇಕೆಂದು ಹೇಳುವವರು ಜನರು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು, ಮೊಬೈಲಿಗೆ ನಾಲ್ಕು ಅಂಕಿಯ ಓಟಿಪಿ ಬರುತ್ತದೆ, ತಿರುಗಿ ಫೋನ್ ಬಂದಾಗ ಆ ಅಂಕಿಗಳನ್ನು ಒತ್ತಬೇಕು. ಅಷ್ಟಾದರೆ ಒಂದು ವೋಟು.

“ಕಾಕಾ, ಈ ಸಲ ಗೆಲ್ಲಲೇಬೇಕ್ರಿ,” ಎಂದಳು ಶೈಸ್ತಾ. “ಮಾಲಕರು ಖಡಾಖಡಿ ಹೇಳ್ಯಾರ. ಗೆದ್ರ ಇನ್ನೊಂದು ವರ್ಷ. ಸೋತ್ರ ನಿಮ್ಮ ಗುರುವಾರದ ಅರ್ಧ ತಾಸು ಜ್ಯೋತಿಷ್ಯಕ್ಕ.”

“ನನಗ ಪ್ರಶಸ್ತಿ ಆಸೆ ಇಲ್ಲ ತಂಗಿ. ಕಾರ್ಯಕ್ರಮ ಉಳೀಬೇಕು,” ಎಂದರು ತಾತ್ಯಾಸಾಹೇಬರು. ಕಾರ್ಯಕ್ರಮ ಉಳಿಯಬೇಕೆಂಬುದು ನಿಜ. ಆಸೆ ಇಲ್ಲ ಎಂಬ ಮಾತಿಗೆ ಮಾತ್ರ ಜೇಬಿನಲ್ಲಿದ್ದ ಟೇಪು ಸಾಕ್ಷಿ ಹೇಳುತ್ತಿರಲಿಲ್ಲ.

ಮುಂದಿನ ಗುರುವಾರ ಅವರು ಕ್ಯಾಮೆರಾ ನೋಡಿ, ಕೈ ಮುಗಿದು, ವೋಟು ಹಾಕುವ ಕ್ರಮವನ್ನು ವಿವರವಾಗಿ ಹೇಳಿದರು. ಕಾರ್ಯಕ್ರಮ ಮುಗಿಯುವ ಮೊದಲೇ ವಾಹಿನಿಯ ಫೋನುಗಳು ಬಡಿದುಕೊಳ್ಳತೊಡಗಿದವು. ಶೈಸ್ತಾ ಎತ್ತಿದಳು, ಕೇಳಿದಳು, ಇಟ್ಟಳು. ಮತ್ತೆ ಎತ್ತಿದಳು. ಇಪ್ಪತ್ತು ಕರೆಗಳಾದ ಮೇಲೆ ಅವಳು ತಲೆ ಹಿಡಿದುಕೊಂಡು ಕುಳಿತಳು.

“ಏನಂತಾರ?”

“ನಿಮ್ಮ ಮುಖ ಕಂಪ್ಯೂಟರ್ ಮಾಡಿದ್ದಂತ್ರಿ ಕಾಕಾ. ಯಾರೋ ಕಳ್ಳರು ನಮ್ಮ ಚಾನಲ್ಲಿನ್ಯಾಗ ಹೊಕ್ಕಾರ, ಲಗೂನ ಬಂದ್ ಮಾಡ್ರಿ ಅಂತಾರ. ಖರೇ ತಾತ್ಯಾಸಾಹೇಬರು ಓಟಿಪಿ ಒತ್ರಿ ಅಂತ ಸತ್ರೂ ಹೇಳೂದಿಲ್ಲಂತ.”

ಹಿಂದಿನ ತಿಂಗಳಷ್ಟೇ ತಾತ್ಯಾಸಾಹೇಬರು ಕಂಪ್ಯೂಟರಿನಿಂದ ಮುಖ, ದನಿ ಎಲ್ಲ ನಕಲು ಮಾಡುತ್ತಾರೆ, ಕಣ್ಣು ಪಿಳುಕಿಸುವುದನ್ನು ನೋಡಿ ಗುರುತಿಸಿ ಎಂದು ಅರ್ಧ ಗಂಟೆ ಕೊರೆದಿದ್ದರು. ಆ ದಿನ ವೋಟು ಕೇಳುವ ಉದ್ವೇಗದಲ್ಲಿ ಅವರು ಕಣ್ಣು ಪಿಳುಕಿಸಿರಲಿಲ್ಲ.

ವಾರ ಕಳೆಯಿತು. ಪ್ರಶಸ್ತಿ ಕೊಡುವ ವಾಹಿನಿಗಳ ಒಕ್ಕೂಟದವರು ಅಲ್ಲಿಯವರೆಗಿನ ಲೆಕ್ಕ ಕಳಿಸಿದರು. ಹಾವಿನವನಿಗೆ ಎರಡು ಸಾವಿರದ ಇನ್ನೂರು, ಆಡಿನವರಿಗೆ ಒಂದು ಸಾವಿರದ ಆರುನೂರು, ಕೋಟೆಯವರಿಗೆ ಒಂಬೈನೂರು. ‘ಫೋನ್ ಇಡ್ರಿ’ಗೆ ಹನ್ನೊಂದು.

ತಾತ್ಯಾಸಾಹೇಬರಿಗೆ ಅನ್ನ ರುಚಿಸದಾಯಿತು. ಜನ ತಮ್ಮನ್ನು ಮೆಚ್ಚುತ್ತಾರೆಂಬ ಗುಮಾನಿ ಅವರಿಗೆ ನಾಲ್ಕು ವರ್ಷದಿಂದ ಇತ್ತು. ಪೇಟೆಗೆ ಹೋದರೆ ಬೇಕೆಂದೇ ನಿಧಾನ ನಡೆಯುತ್ತಿದ್ದರು, ಗುರುತಿಸುವವರಿಗೆ ಪುರುಸೊತ್ತು ಸಿಗಲೆಂದು. ಈಗ ಹನ್ನೊಂದು ಎಂಬ ಅಂಕಿ ಕಣ್ಣ ಮುಂದೆ ನಿಂತು ಅಣಕಿಸಿತು. ಕೊನೆಗೆ ಅವರು ಹಳೇ ನೋಟುಬುಕ್ಕು ತೆಗೆದರು. ಕಾರ್ಯಕ್ರಮ ನೋಡಿ ಫೋನ್ ಮಾಡಿದವರ ಹೆಸರು, ಊರು, ನಂಬರು ಅದರಲ್ಲಿದ್ದವು. ಬಾಗಿಲು ಹಾಕಿಕೊಂಡು, ಒಬ್ಬೊಬ್ಬರಿಗೇ ಫೋನ್ ಹಚ್ಚತೊಡಗಿದರು.

ಸಾಂಬ್ರಾದ ರಿಟೈರ್ಡ್ ಮಾಸ್ತರರು “ನಾಚಿಕಿ ಬರೂದಿಲ್ಲ?” ಎಂದು ಕೇಳಿ ಇಟ್ಟರು. ಒಬ್ಬ ಹುಡುಗಿ ನಕ್ಕು ಇಟ್ಟಳು. ಹಲವರು “ಫೋನ್ ಇಡ್ರಿ!” ಎಂದು ಅವರದೇ ಧಾಟಿಯಲ್ಲಿ ಕೂಗಿ, ದಡಾರನೆ ಇಟ್ಟರು. ಇಷ್ಟು ಸೊಗಸಾಗಿ ಕಲಿತ ಶಿಷ್ಯರು ಯಾವ ಗುರುವಿಗೂ ಸಿಕ್ಕಿರಲಾರರು ಎಂದು ತಾತ್ಯಾಸಾಹೇಬರು ಕಿವಿ ಒರೆಸಿಕೊಂಡರು.

ಮೂವತ್ತನೆಯ ನಂಬರು ಖಾನಾಪುರದ ಕಾಶವ್ವನದು. ಸ್ಟೇಶನ್ ರಸ್ತೆಯಲ್ಲಿ ಮಣ್ಣಿನ ಗಡಿಗೆ ಮಾರುವ ಹೆಂಗಸು. ಆ ಸೀಮೆಯ ನಲವತ್ತು ಮಹಿಳಾ ಸಂಘಗಳಿಗೆ ಹಿರಿಯಳು. ಅವಳನ್ನು ತಾತ್ಯಾಸಾಹೇಬರು ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಒಮ್ಮೆ ಫೋನ್ ಮಾಡಿ, “ನಿಮ್ಮ ಮಾತು ಕೇಳಿ ನಾವು ಉಳದ್ವಿ” ಎಂದಿದ್ದಳು, ಅಷ್ಟೆ. ಕಾಶವ್ವ ಹೂಂ ಅಂದರೆ ಮೂರು ಸಾವಿರ ವೋಟು ಎಂದು ಶೈಸ್ತಾ ಹೇಳಿದ್ದಳು. ತಾತ್ಯಾಸಾಹೇಬರು ನೀರು ಕುಡಿದು ದನಿ ಸರಿಮಾಡಿಕೊಂಡರು.

ಕಾಶವ್ವ ಫೋನ್ ಇಡಲಿಲ್ಲ. “ಹೌದೇನ್ರಿ? ಪ್ರಶಸ್ತಿಯೇನ್ರಿ? ಮತ್ತ ಏನು ಒತ್ತಬೇಕ್ರಿ?” ಎಂದು ಮೆತ್ತಗೆ ಕೇಳುತ್ತ ಹೋದಳು. ತಾತ್ಯಾಸಾಹೇಬರ ಜೀವಕ್ಕೆ ತಂಪೆರೆದಂತಾಯಿತು. ಚಾಳೀಸು ತರ್ತೀನಿ ಎಂದಳು, ಕಾದರು. ಪೆನ್ನು ತರ್ತೀನಿ ಎಂದಳು, ಕಾದರು. ಕಾಯುತ್ತಿದ್ದಾಗ ಅವರಿಗೆ ಎಲ್ಲೋ ಏನೋ ನೆನಪಾಗತೊಡಗಿತು. ಕಳ್ಳನನ್ನು ಮಾತಿನಲ್ಲಿ ಹಿಡಿದಿಡಿ, ದಡ್ಡರಂತೆ ನಟಿಸಿ, ನಂಬರು ಬರೆದುಕೊಳ್ಳಿ: ಹದಿನೇಳನೆಯ ಕಂತು.

“ಬರಕೊಂಡ್ನಿ ನೋಡು ನಿನ್ನ ನಂಬರ್,” ಎಂದಿತು ಆ ಕಡೆಯ ದನಿ, ಮೆತ್ತಗಿದ್ದದ್ದು ಒಮ್ಮೆಲೇ ಗಡುಸಾಗಿ. “ತಾತ್ಯಾಸಾಹೇಬರ ಹೆಸರು ಹೇಳ್ತೀ, ಭಾಡ್ಯಾ? ಅವರದು ಗಂಡಸಿನ ದನಿ. ನಿನ್ನಂಗ ಕೀಚಲ ದನಿ ಅಲ್ಲ!”

ಮರುದಿನ ಖಾನಾಪುರದ ಠಾಣೆಯಿಂದ ಹವಾಲ್ದಾರರೊಬ್ಬರು ಫೋನ್ ಮಾಡಿದರು. ಕಾಶವ್ವ ಸೈಬರ್ ವಂಚನೆಯ ಸಹಾಯವಾಣಿ ಹತ್ತೊಂಬತ್ತು ಮೂವತ್ತಕ್ಕೆ ಫೋನ್ ಮಾಡಿ ದೂರು ಕೊಟ್ಟು, ಠಾಣೆಗೂ ಬಂದಿದ್ದಳಂತೆ. “ಸರ, ಎಂಥಾ ಖದೀಮರ್ರಿ! ನಿಮ್ಮ ನಂಬರ್ನೂ ಕದ್ದಾರ. ಕಾಣೂ ನಂಬರ್ ಖರೇ ಇರೂದಿಲ್ಲ ಅಂತ ನೀವಽ ಹೇಳಿದ್ರೆಲ್ಲ, ನಮ್ಮ ಮನ್ಯಾಗ ಎಲ್ಲಾರೂ ನೋಡೇವ್ರಿ.”

ತಾತ್ಯಾಸಾಹೇಬರು, “ನಾನಽ ಬಂದು ಆ ಅಕ್ಕಾರನ್ನ ಭೇಟಿ ಆಗ್ತೇನಿ ಬಿಡ್ರಿ,” ಎಂದರು.

ಹೇಳಿದ್ದು ಸಂಕಟಕ್ಕಾದರೂ ಫೋನ್ ಇಟ್ಟ ಮೇಲೆ ಅದೇ ಸರಿ ಎನಿಸಿತು. ಎದುರಿಗೆ ನಿಂತರೆ ಮುಖ ಕಂಪ್ಯೂಟರ್ ಮಾಡಿದ್ದೆಂದು ಯಾರೂ ಅನ್ನಲಾರರು. ನಕ್ಕು ನಿಜ ಹೇಳಿಬಿಡುವುದು, ಅವಳೂ ನಗುವಳು, ಮೂರು ಸಾವಿರ ವೋಟು ಬೀಳುವವು. ಎರಡು ದಿನ ಬಿಟ್ಟು, ಕೋಟು ಹಾಕಿಕೊಂಡೇ ಅವರು ಖಾನಾಪುರದ ಬಸ್ಸು ಹತ್ತಿದರು. ದೇಸೂರು ದಾಟುವವರೆಗೆ ಮನಸ್ಸಿನಲ್ಲೇ ಮಾತು ಜೋಡಿಸಿದರು. ಆಮೇಲೆ ಹಲಗೆಯ ಮೇಲೆ ಫಲಕವನ್ನು ಎಡಕ್ಕೆ ಇಡುವುದೋ ಬಲಕ್ಕೋ ಎಂದು ಯೋಚಿಸಿದರು.

ಕಾಶವ್ವನ ಅಂಗಡಿಯ ಮುಂದೆ ಮೂವತ್ತು ನಲವತ್ತು ಹೆಂಗಸರು ಸೇರಿದ್ದರು. ಹವಾಲ್ದಾರರು ಸುದ್ದಿ ಮುಟ್ಟಿಸಿದ್ದರೆಂದು ತೋರಿತು. ಅರವತ್ತರ ಆಸುಪಾಸಿನ, ಗಿಡ್ಡ ಮೈಯ, ಹಣೆ ತುಂಬ ಕುಂಕುಮದ ಹೆಂಗಸೊಬ್ಬಳು ಮುಂದೆ ಬಂದು, “ಬರ್ರಿ ಸಾಹೇಬ್ರ, ಕುಂದರ್ರಿ,” ಎಂದು ಕುರ್ಚಿ ಕೊಟ್ಟಳು. ಅವಳೇ ಕಾಶವ್ವ. ಚಹಾ ಬಂತು, ಅವಲಕ್ಕಿ ಬಂತು. ತಾತ್ಯಾಸಾಹೇಬರು ಬಾಯಿ ತೆರೆಯುವ ಮೊದಲೇ ಅವಳು, “ಏ ಮಾಯಕ್ಕಾ, ಬಾ ಇಲ್ಲಿ. ಆ ಕಳ್ಳ ಹೆಂಗ ಮಾತಾಡಿದ ಸಾಹೇಬರಿಗೆ ತೋರಸು,” ಎಂದಳು.

ಸಂಘದ ಮಾಯಕ್ಕ ಎಲ್ಲರ ನಡುವೆ ನಿಂತಳು. ಕಾಶವ್ವ ಫೋನನ್ನು ಸ್ಪೀಕರಿಗೆ ಹಾಕಿದ್ದಳಂತೆ, ಅಂದು ಅಂಗಡಿಯಲ್ಲಿದ್ದವರೆಲ್ಲ ಕೇಳಿದ್ದರಂತೆ. ಮಾಯಕ್ಕ ಕೈಯನ್ನು ಕಿವಿಗೆ ಹಚ್ಚಿ, ಕತ್ತು ಕೊಂಕಿಸಿ, ಮೂಗಿನಿಂದ ಎಳೆದೆಳೆದು ಶುರುಮಾಡಿದಳು: “ಅಕ್ಕಾರ... ನಾ ಅಂದ್ರ ನಾನಽ ರೀ... ನನಗೊಂದು ಓಟ್ ಕೊಡ್ರೀ... ಬರೇ ಹನ್ನೊಂದು ಬಂದಾವ್ರೀ...” ಹೆಂಗಸರು ಬಿದ್ದು ಬಿದ್ದು ನಕ್ಕರು. ಹಿಂದೆ ನಿಂತವರಲ್ಲಿ ಮರಾಠಿ ಮಾತಾಡುವವರಿದ್ದರು. ಅವರಿಗಾಗಿ ಅದೇ ಆಟ ಮರಾಠಿಯಲ್ಲಿ ಇನ್ನೊಮ್ಮೆ ನಡೆಯಿತು. ತಾತ್ಯಾಸಾಹೇಬರು ತಮ್ಮನ್ನು ಎರಡು ಭಾಷೆಗಳಲ್ಲಿ ನೋಡಿದರು. ತಾನು ಅಷ್ಟು ಅಂಗಲಾಚಿದ್ದೆನೇ ಎಂದು ಕೇಳಿಕೊಂಡರು. ಹೌದು, ಅಷ್ಟೇ ಅಂಗಲಾಚಿದ್ದರು. ಮಾಯಕ್ಕ ಒಂದು ಅಕ್ಷರ ಹೆಚ್ಚು ಸೇರಿಸಿರಲಿಲ್ಲ. ಉಳಿದವರ ಜೊತೆ ಅವರೂ ನಕ್ಕರು. ನಗದಿದ್ದರೆ ಅನುಮಾನ ಬರುತ್ತಿತ್ತು.

ನಗು ನಿಂತ ಮೇಲೆ ಕಾಶವ್ವ ಅವರ ಬಾಜುವಿಗೆ ಸ್ಟೂಲು ಎಳೆದುಕೊಂಡು ಕೂತಳು.

“ಖರೇ ಹೇಳ್ತೇನ್ರಿ ಸಾಹೇಬ್ರ. ನಡಕ ಒಮ್ಮೆ ನನ್ನ ಜೀವ ಹಳಹಳಿಸ್ತು. ಖರೇನ ತಾತ್ಯಾಸಾಹೇಬರಽ ಆಗಿದ್ರ? ಪಾಪ, ಅಷ್ಟು ಬೇಡಿಕೊಳ್ಳಾಕತ್ತಾನ, ಒಂದು ಓಟು ಕೊಟ್ರ ಏನ್ ಹೋಗತೈತಿ ಅನ್ನಿಸ್ತು. ಆಮ್ಯಾಲೆ ನಿಮ್ಮ ಮಾತು ನೆಪ್ಪಾತು. ನಾನಽ ಕೇಳಲಿ, ಹೇಳಬ್ಯಾಡ್ರಿ ಅಂದೀರೆಲ್ಲ. ಕಲ್ಲು ಮಾಡಕೊಂಡ್ನಿ ಮನಸ್ಸು.”

“ಚಲೋ ಮಾಡಿದ್ರಿ,” ಎಂದರು ತಾತ್ಯಾಸಾಹೇಬರು. ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟರು.

“ನಾ ಸಾಲಿ ಕಲತಾಕಿ ಅಲ್ರಿ. ಮೊಬೈಲ್ ಬಂದಾಗಿಂದ ನನ್ನ ಮಗ, ‘ನಿನಗೇನು ತಿಳೀತದ ಬೇ, ಸುಮ್ನ ಕುಂದರು’ ಅಂತಿದ್ದ. ಮೊನ್ನಿ ಹವಾಲ್ದಾರ್ರು ಮನಿಗಿ ಬಂದು, ಈ ತಾಲೂಕಿನ್ಯಾಗ ನಿಮ್ಮಂಗ ಕಳ್ಳನ್ನ ಹಿಡದವರು ಯಾರೂ ಇಲ್ಲ ಅಂದ್ರು. ಅವತ್ತ ನನ್ನ ಮಗ ತಾನಽ ಎದ್ದು ನನಗ ಚಾ ಮಾಡಿ ಕೊಟ್ನ್ರಿ. ಸಕ್ರಿ ಜಾಸ್ತಿ ಆಗಿತ್ತು, ಕುಡದ್ನಿ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಇದ್ದಕ್ಕಿದ್ದಂತೆ ಕೇಳಿದಳು: “ಅದಿರ್ಲಿ, ಆ ಪ್ರಶಸ್ತಿ ಅನ್ನೂದು ಏನರ ಖರೇ ಐತೇನ್ರಿ? ಇದ್ರ ಹೇಳ್ರಿ. ನಲವತ್ತೂ ಸಂಘದವರು ನಿಂತು ಹಾಕತೇವಿ.”

ಮೂರು ಸಾವಿರ ವೋಟು ಕುರ್ಚಿಯ ಸುತ್ತ ನಿಂತು ತಾತ್ಯಾಸಾಹೇಬರ ಬಾಯಿ ನೋಡುತ್ತಿತ್ತು. ಹೌದು ಎಂದರೆ ಕಾರ್ಯಕ್ರಮ ಉಳಿಯುತ್ತದೆ, ಹಲಗೆ ತುಂಬುತ್ತದೆ. ಹೌದು ಎಂದರೆ ಆ ಕೀಚಲು ದನಿ ಯಾರದೆಂದೂ ಹೇಳಿದಂತಾಗುತ್ತದೆ. ಕಾಶವ್ವ ಹಿಡಿದದ್ದು ಕಳ್ಳನನ್ನಲ್ಲ ಎಂದಾಗುತ್ತದೆ, ಮಗ ಮತ್ತೆ ‘ನಿನಗೇನು ತಿಳೀತದ’ ಎನ್ನುತ್ತಾನೆ.

“ಸುಳ್ಳು,” ಎಂದರು ತಾತ್ಯಾಸಾಹೇಬರು. “ಅಂಥಾದ್ದು ಏನೂ ಇಲ್ಲ ಅಕ್ಕಾರ. ಯಾರೂ ಏನೂ ಒತ್ತಬ್ಯಾಡ್ರಿ.”

“ನಾ ಹೇಳಿದ್ನಿಲ್ಲ!” ಎಂದು ಕಾಶವ್ವ ಗೆದ್ದವಳಂತೆ ಸುತ್ತ ನೋಡಿದಳು. ಈ ಮಾತು ನಲವತ್ತೂ ಸಂಘಗಳಿಗೆ ಆ ಸಂಜೆಯೇ ಮುಟ್ಟಿತು. ಬರುವಾಗ ಬಸ್ಸಿನಲ್ಲಿ ತಾತ್ಯಾಸಾಹೇಬರು ತಮ್ಮ ತ್ಯಾಗದ ಬಗ್ಗೆ ಸ್ವಲ್ಪ ಹೆಮ್ಮೆಪಡಲು ನೋಡಿದರು. ಆಗಲಿಲ್ಲ. ನಲವತ್ತು ಹೆಂಗಸರ ಎದುರು ‘ಆ ಕೀಚಲು ದನಿ ನನ್ನದೇ’ ಎನ್ನಲು ನಾಚಿಕೆಯಾಗಿ ಬಾಯಿ ಬರಲಿಲ್ಲ ಎಂಬುದು ಅರ್ಧಕ್ಕಿಂತ ಹೆಚ್ಚು ನಿಜವಾಗಿತ್ತು. ಕಾಶವ್ವನ ಮಗ ಮಾಡಿದ ಚಹಾ ಉಳಿದರ್ಧ. ಎರಡನ್ನೂ ಶೈಸ್ತಾಳಿಗೆ ಹೇಳಿದಾಗ ಅವಳು, “ಜ್ಯೋತಿಷಿಗಳಿಗೆ ಮೇಜು ಸಾಕಾಗತೇತಿ, ಕರಿ ಫೋನ್ ನೀವು ಒಯ್ರಿ ಕಾಕಾ,” ಎಂದಳು.

ಪ್ರಶಸ್ತಿಯ ಸಂಜೆ ಸಭಾಗೃಹ ಕಿಕ್ಕಿರಿದಿತ್ತು. ಹೋಗುವುದಿಲ್ಲ ಎಂದಿದ್ದ ತಾತ್ಯಾಸಾಹೇಬರು ಹೋದರು, ಕೋಟು ಇಸ್ತ್ರಿಯಾಗಿತ್ತು. ನಾಲ್ವರನ್ನೂ ವೇದಿಕೆಯ ಮೇಲೆ ಕೂರಿಸಿದರು, ಏಳು ಜಿಲ್ಲೆಗೆ ನೇರ ಪ್ರಸಾರವಾಯಿತು. ಹಾವಿನವನು ಗೆದ್ದ. ನಿರೂಪಕಿ ಎಲ್ಲರ ವೋಟುಗಳನ್ನೂ ಓದಿದಳು. ಕೊನೆಗೆ ‘ಫೋನ್ ಇಡ್ರಿ’ಯ ನಲವತ್ತೊಂದನ್ನು ಓದುವಾಗ, ಸೊನ್ನೆಗಳೇನಾದರೂ ಬಿಟ್ಟುಹೋಗಿವೆಯೇ ಎಂದು ಕಾಗದವನ್ನು ತಿರುಗಿಸಿ ನೋಡಿದಳು. ತಾತ್ಯಾಸಾಹೇಬರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ರಿಕ್ಷಾದಲ್ಲಿ ಮನೆಗೆ ಬರುವಾಗ ಅವರು ಹೀರಾಬಾಯಿಯನ್ನು ಕೇಳಿದರು, “ನಲವತ್ತೊಂದರಾಗ ನಿನ್ನದೊಂದು ಹೌದಲ್ಲ?”

“ನಾ ಮಿಸ್ ಕಾಲ್ ಕೊಟ್ಟಿದ್ನಿ. ಆಮ್ಯಾಲೆ ಓಟಿಪಿ ಒತ್ರಿ ಅಂತ ಫೋನ್ ಬಂತು. ಕಟ್ ಮಾಡಿದ್ನಿ.” ಹೀರಾಬಾಯಿ ಗಂಡನ ಕಡೆ ತಿರುಗಿದರು. “ಯಾಕ್ರಿ, ಒತ್ತಬೇಕಾಗಿತ್ತೇನು?”

“ಬ್ಯಾಡ, ಚಲೋ ಮಾಡಿದಿ,” ಎಂದರು ತಾತ್ಯಾಸಾಹೇಬರು. ನಲವತ್ತೊಂದರಲ್ಲಿ ಒಂದು ತಮ್ಮದು, ಒಂದು ಶೈಸ್ತಾಳದು. ಉಳಿದ ಮೂವತ್ತೊಂಬತ್ತು ಜನ ಯಾರಿರಬಹುದೆಂದು ಯೋಚಿಸುತ್ತ ಕುಳಿತರು. ಕೃತಜ್ಞತೆ ಬರಬೇಕಾದ ಜಾಗದಲ್ಲಿ ಅವರಿಗೆ ಕಳವಳ ಬಂತು. ನಾಲ್ಕು ವರ್ಷ ಗಂಟಲು ಹರಿದುಕೊಂಡರೂ ಮೂವತ್ತೊಂಬತ್ತು ಜನ ಯಾವುದೋ ನಂಬರಿನಿಂದ ಬಂದ ಫೋನಿಗೆ ಓಟಿಪಿ ಒತ್ತಿದ್ದರು. ಕಾರ್ಯಕ್ರಮ ಇನ್ನೊಂದು ವರ್ಷ ಇರಬೇಕಾಗಿತ್ತು ಎಂದು ಆಗ ಖಂಡಿತವಾಗಿ ಅನಿಸಿತು, ಹಲಗೆಯ ನೆನಪಿಲ್ಲದೆ ಅನಿಸಿತು.

ಬೆಳಿಗ್ಗೆ ಕಪ್ಪುಬಸಿಗಳನ್ನು ಹಲಗೆಗೆ ಮರಳಿ ಜೋಡಿಸುತ್ತಿದ್ದಾಗ ಫೋನ್ ಬಂತು. ಕಾಶವ್ವ.

“ಸಾಹೇಬ್ರ, ಟೀವ್ಯಾಗ ನೋಡಿದ್ವಿ. ಎದಿ ಧಸಕ್ಕಂತ್ರಿ. ಆ ಪ್ರಶಸ್ತಿ ಸುಳ್ಳು ಅಂತ ನೀವಽ ಹೇಳಿದ್ರಿ. ಮತ್ತ ಆ ಕಳ್ಳರು ನಿಮ್ಮನ್ನಽ ಕರಕೊಂಡು ಹೋಗಿ ಕುರ್ಚಿ ಮ್ಯಾಲ ಕುಂದರ್ಸಿದ್ರೆಲ್ಲ! ಎಷ್ಟು ದೊಡ್ಡ ಮಂಟಪ, ಎಷ್ಟು ದೀಪ! ಏನ್ ಆಸೆ ತೋರ್ಸಿದ್ರ್ರಿ ನಿಮಗ?”

ತಾತ್ಯಾಸಾಹೇಬರು ಕೈಯಲ್ಲಿದ್ದ ಬಸಿಯನ್ನು ಬಾಹುಬಲಿಯ ಪಕ್ಕ ಇಟ್ಟರು. ನಿಜವನ್ನೆಲ್ಲ ಈಗ ಹೇಳಿಬಿಡಬಹುದಿತ್ತು. ಹೇಳಬೇಕೆಂದರೆ ಅವಳ ಪ್ರಶ್ನೆಗೆ ಉತ್ತರ ಒಂದೇ ಇತ್ತು.

“ಒಂದು ಹಿತ್ತಾಳಿ ಫಲಕ,” ಎಂದರು.

“ಅಯ್ಯ ಶಿವನ! ಅಷ್ಟಕ್ಕ ಮೋಸ ಹೋದ್ರಿ?”

“ಹೋದ್ನಿ ಅಕ್ಕಾರ.”

“ಓಟಿಪಿ ಏನರ ಹೇಳೀರೇನು?”

ತಮ್ಮ ವೋಟನ್ನು ತಮಗೇ ಹಾಕಿಕೊಂಡ ಆ ಮಧ್ಯಾಹ್ನ ಅವರಿಗೆ ನೆನಪಾಯಿತು. ಬಾಗಿಲು ಹಾಕಿಕೊಂಡು, ಚಾಳೀಸು ಏರಿಸಿಕೊಂಡು, ನಾಲ್ಕೂ ಅಂಕಿಗಳನ್ನು ಒತ್ತಿದ್ದರು. “ಒಂದು ಸಲ ಒತ್ತಿದ್ನಿ.”

ಬೈಯುತ್ತಾಳೆಂದು ಅವರು ಕಾದರು. ದನಿ ಬಂದಾಗ ಅದು ಮೊದಲ ಸಲ ಫೋನಿನಲ್ಲಿ ಕೇಳಿದಷ್ಟೇ ಮೆತ್ತಗಿತ್ತು. ಈ ಸಲ ಅದರಲ್ಲಿ ನಟನೆ ಇರಲಿಲ್ಲ.

“ಇರ್ಲಿ ಬಿಡ್ರಿ. ಎಂಥೆಂಥಾ ಶ್ಯಾಣ್ಯಾರೂ ಬೀಳ್ತಾರ, ನಾಚಬ್ಯಾಡ್ರಿ. ನಾ ಯಾರ ಮುಂದೂ ಹೇಳೂದಿಲ್ಲ. ಆದ್ರ ಒಂದು ಮಾತು ನೆಪ್ಪಿಟ್ಕೋರ್ರಿ. ಇನ್ನ ಯಾರರ ನಿಮಗ ಅದು ಕೊಡ್ತೇವಿ ಇದು ಕೊಡ್ತೇವಿ ಅಂತ ಫೋನ್ ಮಾಡಿದ್ರ, ಮೊದಲ ನನ್ನ ಕೇಳ್ರಿ. ಕೇಳ್ತೀರಿಲ್ಲೊ?”

“ಕೇಳ್ತೇನ್ರಿ,” ಎಂದರು ತಾತ್ಯಾಸಾಹೇಬರು. ಅವರ ದನಿ ಮತ್ತೆ ಕೀಚಲಾಗಿತ್ತು. ಕಣ್ಣು ಮಂಜಾಗಿ ಕಪ್ಪುಗಳು ಸರಿಯಾಗಿ ಕಾಣಲಿಲ್ಲ. ನಾಲ್ಕು ವರ್ಷದಲ್ಲಿ ಇಷ್ಟು ಸಂತೋಷ ಅವರಿಗೆ ಯಾವತ್ತೂ ಆಗಿರಲಿಲ್ಲ. ಏನಾದರೂ ಹೇಳಬೇಕೆಂದು ಹಾಗೇ ಫೋನ್ ಹಿಡಿದು ನಿಂತರು.

“ಮತ್ತ ಯಾಕ ನಿಂತೀರಿ?” ಎಂದು ಗದರಿದಳು ಕಾಶವ್ವ. “ಫೋನ್ ಇಡ್ರಿ.”

ಅವರು ಇಟ್ಟರು.